ದುರ್ಬೀನಿನ ಹಿಂದಿರುವ ಕಣ್ಣು: ನಫ್ಸ್, ಗಜಾಲಿ ಮತ್ತು ಒಳಗಿನ ಲೆಕ್ಕ



‘ಜಿಹಾದ್’ ಎಂಬ ಪದವನ್ನು ಯಾವುದೇ ಪಾಶ್ಚಾತ್ಯ ನಗರದ ಸಭೆಯಲ್ಲಿ ಉಚ್ಚರಿಸಿದ ಕೂಡಲೇ ಎರಡು ಉತ್ತರಗಳು ಸಿದ್ಧವಾಗಿ ನಿಂತಿರುತ್ತವೆ. ಅದು ಖಡ್ಗದ ಇನ್ನೊಂದು ಹೆಸರು ಎಂಬುದು ಮೊದಲನೆಯದು. 2001ರ ಸೆಪ್ಟೆಂಬರ್ ನಂತರ ಸೌಹಾರ್ದದ ವೇದಿಕೆಗಳಲ್ಲಿ ಮತ್ತೆ ಮತ್ತೆ ಕೇಳಿಬಂದದ್ದು ಎರಡನೆಯದು: ನಿಜವಾದ ಜಿಹಾದ್ ಎಂದರೆ ತನ್ನೊಳಗಿನ ಕೆಡುಕಿನೊಡನೆ ನಡೆಸುವ ಹೋರಾಟ ಮಾತ್ರ. ಇದಕ್ಕೆ ಆಧಾರವಾಗಿ, ಯುದ್ಧದಿಂದ ಮರಳಿದ ಪ್ರವಾದಿಯವರು ಆ ಯುದ್ಧವನ್ನು ಕಿರಿಯದೆಂದೂ ಒಳಗಿನದನ್ನು ಹಿರಿಯದೆಂದೂ ಕರೆದರೆಂಬ ಹದೀಸನ್ನು ಉಲ್ಲೇಖಿಸಲಾಗುತ್ತದೆ.

ಆ ಹದೀಸಿನ ನಿರೂಪಣಾ ಪರಂಪರೆ ದುರ್ಬಲವಾದುದೆಂದು 11ನೆಯ ಶತಮಾನದ ಬೈಹಕಿ ಗುರುತಿಸಿದ್ದರು. 14ನೆಯ ಶತಮಾನದ ಇಬ್ನ್ ತೈಮಿಯ್ಯ ಅದನ್ನು ಆಧಾರರಹಿತವೆಂದೇ ತಳ್ಳಿಹಾಕಿದರು. ತನ್ನ ನಫ್ಸ್‌ನೊಡನೆ ಹೋರಾಡುವವನೇ ಹೋರಾಟಗಾರ ಎಂಬ ಆಶಯದ ಇನ್ನೊಂದು ಹದೀಸು ತಿರ್ಮಿದಿಯವರ ಸಂಗ್ರಹದಲ್ಲಿದೆ. ಅದನ್ನು ವಿದ್ವಾಂಸರು ಪ್ರಮಾಣವೆಂದು ಒಪ್ಪಿದ್ದಾರೆ. ಧರ್ಮಶಾಸ್ತ್ರಜ್ಞರು ಯುದ್ಧದ ಕುರಿತು ಅಧ್ಯಾಯಗಟ್ಟಲೆ ಬರೆದಿದ್ದಾರೆ, ಸೂಫಿಗಳು ಮನಸ್ಸಿನ ಕುರಿತು ಅಷ್ಟೇ ವಿಸ್ತಾರವಾಗಿ ಬರೆದಿದ್ದಾರೆ. ಇವುಗಳಲ್ಲಿ ಒಂದನ್ನು ಮರೆಮಾಡಿ ಇನ್ನೊಂದನ್ನು ಮಾತ್ರ ತೋರಿಸುವುದು ಸಭೆಯ ಮೆಚ್ಚುಗೆಗಾಗಿ ಹೇಳುವ ಅರ್ಧಸತ್ಯ. ಸಭೆಯ ಮೆಚ್ಚುಗೆಗಾಗಿ ನುಡಿಯುವುದಂತೂ, ಈ ಉಪನ್ಯಾಸದ ವಸ್ತುವಾಗಿರುವ ಚಿಂತಕರ ಪ್ರಕಾರ, ಸ್ವತಃ ನಫ್ಸ್‌ನ ಕೆಲಸ.

‘ನಫ್ಸ್’ ಎಂದರೇನು? ಅರಬ್ಬಿಯಲ್ಲಿ ಅದು ‘ತಾನು’ ಎಂಬರ್ಥದ ಸಾಮಾನ್ಯ ಪದ. ಉಸಿರು ಎಂಬರ್ಥದ ‘ನಫಸ್’ ಅದರ ಒಡಹುಟ್ಟು. ಕುರ್‌ಆನಿನಲ್ಲಿ ಅದರ ಮೂರು ಅವಸ್ಥೆಗಳು ಮೂರು ಬೇರೆ ಬೇರೆ ಅಧ್ಯಾಯಗಳಲ್ಲಿ ಬರುತ್ತವೆ. ಕೆಡುಕಿಗೆ ಪ್ರೇರೇಪಿಸುವ ನಫ್ಸ್, ತನ್ನನ್ನು ತಾನೇ ದೂಷಿಸಿಕೊಳ್ಳುವ ನಫ್ಸ್, ಕೊನೆಗೆ ಶಾಂತವಾದ ನಫ್ಸ್. ಮೊದಲನೆಯದು ಬರುವುದು ಯೂಸುಫರ ಕಥೆಯಲ್ಲಿ. ತನ್ನ ನಫ್ಸ್ ನಿರಪರಾಧಿಯೆಂದು ಹೇಳಲಾರೆ ಎಂಬ ಆ ಮಾತು ಯಾರದು? ಅವರನ್ನು ಮೋಹಿಸಿದ ಹೆಣ್ಣಿನದೋ, ಪಾಪ ಮಾಡದ ಯೂಸುಫರದೋ? ವ್ಯಾಖ್ಯಾನಕಾರರಲ್ಲಿ ಒಮ್ಮತವಿಲ್ಲ. ಯೂಸುಫರದೇ ಎಂದಿಟ್ಟುಕೊಂಡರೆ ಅರ್ಥ ಗಂಭೀರವಾಗುತ್ತದೆ: ತಪ್ಪು ಮಾಡದವನೂ ತನ್ನನ್ನು ತಾನು ಖುಲಾಸೆಗೊಳಿಸಿಕೊಳ್ಳುತ್ತಿಲ್ಲ.

ಕನ್ನಡದ ಓದುಗರಿಗೆ ಇಲ್ಲಿ ಅರಿಷಡ್ವರ್ಗದ ನೆನಪಾಗುವುದು ಸಹಜ. ಹೋಲಿಕೆ ಇದೆ, ಆದರೆ ಅದು ಸ್ವಲ್ಪ ದೂರದವರೆಗೆ ಮಾತ್ರ ಜೊತೆಗೆ ಬರುತ್ತದೆ. ಕಾಮ, ಕ್ರೋಧ, ಲೋಭಗಳನ್ನು ‘ಅರಿ’ ಎಂದು ಕರೆದಾಗ ಶತ್ರುವಿಗೂ ಹೋರಾಡುವವನಿಗೂ ನಡುವೆ ಗೆರೆಯೊಂದು ಉಳಿಯುತ್ತದೆ. ನಫ್ಸ್‌ನ ವಿಷಯದಲ್ಲಿ ಆ ಗೆರೆಯೇ ಇಲ್ಲ. ದುರ್ಬೀನು ಹಿಡಿದು ಶತ್ರುವನ್ನು ಹುಡುಕುವ ಕಣ್ಣು ಯಾವುದೋ, ಅದೇ ಶತ್ರುವೂ ಆಗಿರಬಹುದು.

ಈ ತೊಡಕನ್ನು ಮೊದಲು ವಿವರವಾಗಿ ಬಿಡಿಸಿದವರಲ್ಲಿ ಹಾರಿಸ್ ಅಲ್-ಮುಹಾಸಿಬಿ ಪ್ರಮುಖರು. ಬಸ್ರಾದಲ್ಲಿ ಹುಟ್ಟಿ ಬಾಗ್ದಾದಿನಲ್ಲಿ ಬಾಳಿ 857ರಲ್ಲಿ ತೀರಿಕೊಂಡವರು. ‘ಮುಹಾಸಿಬಿ’ ಎಂಬ ಹೆಸರೇ ಲೆಕ್ಕ ನೋಡುವುದು ಎಂಬರ್ಥದ ಪದದಿಂದ ಬಂದದ್ದು. ಮದ್ಯ, ಹೆಣ್ಣು, ಹಣಗಳಿಗಿಂತ ಹೆಚ್ಚಾಗಿ ಅವರನ್ನು ಕಾಡಿದ್ದು ‘ರಿಯಾ’, ಅಂದರೆ ಜನ ನೋಡಲೆಂದು ಮಾಡುವ ಸತ್ಕಾರ್ಯ. ಒಬ್ಬ ಏಕಾಂತದಲ್ಲಿ ಪ್ರಾರ್ಥಿಸುತ್ತಿದ್ದಾನೆ, ಯಾರೋ ಒಳಬರುತ್ತಾರೆ, ಪ್ರಾರ್ಥನೆ ಒಂದಿಷ್ಟು ದೀರ್ಘವಾಗುತ್ತದೆ. ಸರಿ, ತೋರಿಕೆಯಾಗಬಾರದೆಂದು ಅವನು ಪ್ರಾರ್ಥನೆಯನ್ನೇ ಮೊಟಕುಗೊಳಿಸಿದರೆ? ಆಗಲೂ ನಿರ್ಧಾರ ಮಾಡಿದ್ದು ಒಳಬಂದವನ ಕಣ್ಣೇ. ಹೀಗೆ ನಫ್ಸ್ ಒಂದು ಬಾಗಿಲಿನಿಂದ ಹೊರಹೋಗಿ ಇನ್ನೊಂದರಿಂದ ಒಳಬರುತ್ತದೆ.

ಅದೇ ಶತಮಾನದಲ್ಲಿ ಇರಾನಿನ ನಿಶಾಪುರದ ‘ಮಲಾಮತಿ’ಗಳು ಇದಕ್ಕೊಂದು ವ್ಯಾವಹಾರಿಕ ಪರಿಹಾರ ಕಂಡುಕೊಂಡರು: ಒಳ್ಳೆಯತನವನ್ನು ಬಚ್ಚಿಡುವುದು, ನಿಂದೆಯನ್ನು ಸಹಿಸುವುದು. ವಿಶೇಷ ಉಡುಪಿಲ್ಲ, ಬಹಿರಂಗ ಭಾವಾವೇಶವಿಲ್ಲ. ಅವರ ಪ್ರಮುಖರಲ್ಲೊಬ್ಬರಾದ ಹಮ್ದೂನ್ ಅಲ್-ಕಸ್ಸಾರ್ ಹೆಸರಿನಲ್ಲೇ ಬಟ್ಟೆ ಒಗೆದು ಬಿಳುಪು ಮಾಡುವ ಕಾಯಕವಿದೆ. ಅಬೂ ಹಫ್ಸ್ ಅಲ್-ಹದ್ದಾದ್ ಹೆಸರಿನಲ್ಲಿ ಕಮ್ಮಾರಿಕೆಯಿದೆ. ನಮ್ಮ 12ನೆಯ ಶತಮಾನದ ಮಡಿವಾಳ ಮಾಚಿದೇವನಿಗೂ ನಿಶಾಪುರದ ಈ ಅಗಸನಿಗೂ ಚಾರಿತ್ರಿಕ ಸಂಬಂಧವೇನೂ ಇಲ್ಲ. ಆದರೂ ದುಡಿಯುವ ಕೈಗಳು ಪುರೋಹಿತ ವೇಷವನ್ನು ಅನುಮಾನಿಸಿದ್ದು ಎರಡೂ ಕಡೆ ಕಾಣುತ್ತದೆ.

ಈ ಚಿಂತನೆ ಒಬ್ಬ ವ್ಯಕ್ತಿಯ ದೇಹದ ಮೇಲೆಯೇ ಪರೀಕ್ಷೆಗೊಳಗಾದದ್ದು 1095ರ ಬಾಗ್ದಾದಿನಲ್ಲಿ. ಅಬೂ ಹಾಮಿದ್ ಅಲ್-ಗಜಾಲಿ 1058ರಲ್ಲಿ ತೂಸ್‌ನಲ್ಲಿ ಹುಟ್ಟಿದವರು. ಸೆಲ್ಜುಕ್ ಸಾಮ್ರಾಜ್ಯದ ಪ್ರಭಾವಿ ವಜೀರ ನಿಜಾಮುಲ್ ಮುಲ್ಕ್ 1091ರಲ್ಲಿ ಅವರನ್ನು ಬಾಗ್ದಾದಿನ ನಿಜಾಮಿಯಾ ವಿದ್ಯಾಲಯದ ಪೀಠಕ್ಕೆ ನೇಮಿಸಿದಾಗ ಅವರಿಗಿನ್ನೂ 33 ವರ್ಷ. ಮುನ್ನೂರು ವಿದ್ಯಾರ್ಥಿಗಳು ಪಾಠ ಕೇಳುತ್ತಿದ್ದರೆಂದು ಅವರೇ ಬರೆದಿದ್ದಾರೆ. ಖಲೀಫರ ಅಪೇಕ್ಷೆಯಂತೆ ಇಸ್ಮಾಯಿಲಿಗಳ ಖಂಡನೆಗಾಗಿ ಗ್ರಂಥವನ್ನೂ ರಚಿಸಿದರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಪ್ರಭುತ್ವಕ್ಕೆ ಬೇಕಾದ ಬುದ್ಧಿಜೀವಿ; ಅದೂ ಅಸಾಧಾರಣ ಪ್ರತಿಭೆಯ ಬುದ್ಧಿಜೀವಿ. 1092ರಲ್ಲಿ ವಜೀರರ ಹತ್ಯೆಯಾಯಿತು. ಕೆಲವೇ ವಾರಗಳಲ್ಲಿ ಸುಲ್ತಾನ ಮಲಿಕ್ ಶಾಹನೂ ಸತ್ತು, ಸಿಂಹಾಸನಕ್ಕಾಗಿ ಕಾದಾಟ ಮೊದಲಾಯಿತು.

ಸೂಫಿಗಳ ಕೃತಿಗಳನ್ನು, ಅವುಗಳಲ್ಲಿ ಮುಹಾಸಿಬಿಯವರದನ್ನೂ, ಓದಿ ಮುಗಿಸಿದ ಗಜಾಲಿಗೆ ತಾನು ಪಾಠ ಹೇಳುತ್ತಿರುವುದು ದೇವರಿಗಾಗಿ ಅಲ್ಲ, ಸ್ಥಾನಮಾನಕ್ಕಾಗಿ ಮತ್ತು ಕೀರ್ತಿಗಾಗಿ ಎಂಬುದು ಮನವರಿಕೆಯಾಯಿತು. ಒಂದು ದಿನ ಬಾಗ್ದಾದನ್ನು ಬಿಡುವ ನಿರ್ಧಾರ, ಮರುದಿನ ಅದರ ರದ್ದತಿ. ಹೀಗೆ ಸುಮಾರು ಆರು ತಿಂಗಳು ಒದ್ದಾಡಿದರು. ಕೊನೆಗೆ ನಾಲಗೆಯೇ ಕಟ್ಟಿಹೋಯಿತು. ವಿದ್ಯಾರ್ಥಿಗಳ ಸಮಾಧಾನಕ್ಕಾದರೂ ಒಂದು ದಿನ ಪಾಠ ಹೇಳಬೇಕೆಂದರೆ ಒಂದು ಪದವೂ ಹೊರಡಲಿಲ್ಲ. ಅನ್ನನೀರು ಇಳಿಯದಾಯಿತು. ರೋಗ ಹೃದಯದಿಂದ ಬಂದದ್ದು, ಮದ್ದಿನಿಂದ ಹೋಗುವಂಥದ್ದಲ್ಲ ಎಂದು ವೈದ್ಯರು ಕೈಬಿಟ್ಟರು. ಮಾತೇ ಬಂಡವಾಳವಾಗಿದ್ದವನಿಂದ ಮಾತೇ ಕಳೆದುಹೋದ ಈ ಪ್ರಸಂಗ, ಬರವಣಿಗೆಯನ್ನೂ ಭಾಷಣವನ್ನೂ ನೆಚ್ಚಿ ಬದುಕುವ ಯಾರನ್ನಾದರೂ ಅರೆಗಳಿಗೆ ನಿಲ್ಲಿಸಬೇಕು.

ಮೆಕ್ಕಾಗೆ ಹೋಗುವುದಾಗಿ ಹೇಳಿ ಅವರು ಸಿರಿಯಾದ ದಾರಿ ಹಿಡಿದರು. ಸಂಸಾರದ ನಿರ್ವಹಣೆಗೆ ಬೇಕಾದಷ್ಟನ್ನು ಉಳಿಸಿ ಮಿಕ್ಕ ಸಂಪತ್ತನ್ನು ಹಂಚಿದರು. ಡಮಾಸ್ಕಸ್‌ನ ಮಸೀದಿಯ ಮಿನಾರಿನಲ್ಲಿ ಬಾಗಿಲು ಹಾಕಿಕೊಂಡು ದಿನಗಳನ್ನು ಕಳೆದರು, ಜೆರುಸಲೇಮಿಗೆ ಹೋದರು. ಹೆಬ್ರೋನ್‌ನಲ್ಲಿ ಪ್ರವಾದಿ ಇಬ್ರಾಹೀಮರ ಸಮಾಧಿಯ ಬಳಿ ಮೂರು ಪ್ರತಿಜ್ಞೆಗಳನ್ನು ಕೈಗೊಂಡರು: ಅರಸರ ಸನ್ನಿಧಿಗೆ ಹೋಗುವುದಿಲ್ಲ, ಅವರ ಹಣ ಮುಟ್ಟುವುದಿಲ್ಲ, ಸಾರ್ವಜನಿಕ ವಾಗ್ವಾದಕ್ಕೆ ಇಳಿಯುವುದಿಲ್ಲ. ನಫ್ಸ್‌ನ ಜೊತೆಗಿನ ಹೋರಾಟವನ್ನು ಕೇವಲ ಉಪವಾಸ, ಜಾಗರಣೆಗಳೆಂದು ತಿಳಿಯುವವರು ಈ ಮೂರನ್ನು ಗಮನಿಸಬೇಕು. ಮೂರೂ ಅಧಿಕಾರದ ನೆರಳಿನಿಂದ ದೂರ ಸರಿಯುವ ಪ್ರತಿಜ್ಞೆಗಳು.

ಈ ಅಲೆದಾಟದ ವರ್ಷಗಳ ಫಲವೇ ನಲವತ್ತು ಭಾಗಗಳ ‘ಇಹ್ಯಾ ಉಲೂಮುದ್ದೀನ್’. ಅದರ ಮೂರನೆಯ ಹತ್ತು ಭಾಗಗಳು ಮನುಷ್ಯನನ್ನು ನಾಶಮಾಡುವ ಗುಣಗಳ ಕುರಿತಾದವು. ಹಸಿವು, ಕಾಮಗಳನ್ನು ಬೇರುಸಹಿತ ಕೀಳಬೇಕೆಂದು ಗಜಾಲಿ ಹೇಳುವುದಿಲ್ಲ. ಬಯಕೆ ಕುದುರೆ, ಸಿಟ್ಟು ಬೇಟೆನಾಯಿ, ವಿವೇಕ ಸವಾರ. ಕುದುರೆಯನ್ನೂ ನಾಯಿಯನ್ನೂ ಕೊಂದವನು ಬೇಟೆಗೆ ಹೋಗುವುದಾದರೂ ಹೇಗೆ? ಹೃದಯದ ಅದ್ಭುತಗಳ ಅಧ್ಯಾಯದಿಂದ ಆರಂಭವಾಗುವ ಈ ವಿಶ್ಲೇಷಣೆ ನಾಲಗೆ, ಕೋಪ, ಸಂಪತ್ತು, ಕೀರ್ತಿ, ಗರ್ವಗಳನ್ನು ದಾಟಿ ಕಟ್ಟಕಡೆಗೆ ಮುಟ್ಟುವುದು ‘ಗುರೂರ್’ ಎಂಬ ಆತ್ಮವಂಚನೆಯನ್ನು. ಅಲ್ಲಿ ಆರೋಪಿಗಳ ಸ್ಥಾನದಲ್ಲಿರುವವರು ನಾಲ್ಕು ಬಗೆಯವರು: ವಿದ್ವಾಂಸರು, ಆರಾಧಕರು, ಸೂಫಿಗಳು, ಧನಿಕರು. ಅಂದರೆ ಸಮಾಜ ಸಜ್ಜನರೆಂದು ಗೌರವಿಸುವ ಮಂದಿ!

ಇಹ್ಯಾದ ಅತ್ಯಂತ ಹರಿತವಾದ ಪುಟಗಳು ಇವೇ. ಅಕ್ರಮದ ಹಣದಲ್ಲಿ ಮಸೀದಿ ಕಟ್ಟಿಸಿ, ಇಟ್ಟಿಗೆಯ ಮೇಲೆ ತನ್ನ ಹೆಸರು ಕೆತ್ತಿಸುವ ಧನಿಕ ಅಲ್ಲಿದ್ದಾನೆ. ಹೆಸರು ಹಾಕದೆ ಒಂದು ನಾಣ್ಯ ಕೊಡೆಂದರೆ ಅವನಿಗೆ ಕಷ್ಟ. ನೆರೆಯವರು ಹಸಿದಿರುವಾಗ ಮತ್ತೆ ಮತ್ತೆ ಹಜ್ ಯಾತ್ರೆಗೆ ಹೊರಡುವವನಿದ್ದಾನೆ. ತೇಪೆ ಹಾಕಿದ ಅಂಗಿ ತೊಟ್ಟು ಸೂಫಿಗಳ ಮಾತಿನ ಧಾಟಿಯನ್ನು ಕಲಿತು, ಅದನ್ನೇ ಸಾಧನೆಯೆಂದು ನಂಬಿದವನಿದ್ದಾನೆ. ಗರ್ವದ ಕುರಿತು ಅಮೋಘವಾಗಿ ಉಪನ್ಯಾಸ ಮಾಡಿ, ಆ ಕಾರಣಕ್ಕೇ ತಾನು ಗರ್ವದಿಂದ ಮುಕ್ತನೆಂದುಕೊಂಡ ಪಂಡಿತನೂ ಇದ್ದಾನೆ. ಪ್ರಗತಿಪರ ವೇದಿಕೆಗಳಲ್ಲಿ ಖಂಡನಾ ಹೇಳಿಕೆಗೆ ಮೊದಲ ಸಹಿ ತನ್ನದಾಗಿರಲೆಂದು ಬಯಸುವವರಿಗೆ, ಊರಿನ ಶಾಲೆಗೆ ಕೊಟ್ಟ ದೇಣಿಗೆಯ ಫಲಕವನ್ನು ರಜೆಯಲ್ಲಿ ಹೋದಾಗ ಮೊದಲು ನೋಡುವವರಿಗೆ ಈ ಪುಟಗಳ ಪರಿಚಯ ಮಾಡಿಕೊಡುವ ಅಗತ್ಯವಿಲ್ಲ. ಓದುತ್ತ ಹೋದಂತೆ ಅವರೇ ತಮ್ಮ ಮುಖವನ್ನು ಗುರುತಿಸಿಕೊಳ್ಳುತ್ತಾರೆ.

ಆದರೆ ಈ ಕಥೆಗೆ ಮತ್ತೊಂದು ಮಗ್ಗುಲಿದೆ. ಗಜಾಲಿ ಹೋಗಿ ಬಂದ ಕೆಲವೇ ವರ್ಷಗಳಲ್ಲಿ, 1099ರ ಜುಲೈನಲ್ಲಿ, ಜೆರುಸಲೇಮ್ ಶಿಲುಬೆ ಯೋಧರ ಕೈಸೇರಿತು. ಅಲ್ಲಿನ ಮುಸ್ಲಿಮರ, ಯಹೂದಿಗಳ ಕಗ್ಗೊಲೆ ನಡೆಯಿತು. ಇಹ್ಯಾದಲ್ಲಿ ಅದರ ಸುಳಿವೇ ಇಲ್ಲ. ಈಜಿಪ್ಟಿನ ಲೇಖಕ ಜಕಿ ಮುಬಾರಕ್ 1920ರ ದಶಕದಲ್ಲಿ ಈ ಮೌನವನ್ನು ಎತ್ತಿ ಆಡಿದರು. ಊರು ಉರಿಯುವಾಗ ಒಳಗಿನ ಕೊಳೆ ತೊಳೆಯುತ್ತ ಕೂರುವುದು ಪಲಾಯನವಲ್ಲವೇ ಎಂಬ ಈ ಪ್ರಶ್ನೆ ಅನ್ಯಾಯದ್ದಲ್ಲ. ಅಂತರಂಗ ಶುದ್ಧಿಯ ಬೋಧನೆ ಅರಸರಿಗೆ ಅನುಕೂಲಕರವಾಗಿ ಒದಗಿದ ಉದಾಹರಣೆಗಳು ಚರಿತ್ರೆಯಲ್ಲಿ ಬೇಕಾದಷ್ಟಿವೆ. ಬಡವನಿಗೆ ಸಹನೆ ಕಲಿಸಿ, ಅವನ ಸಿಟ್ಟನ್ನೇ ನಫ್ಸ್ ಎಂದು ಕರೆದುಬಿಟ್ಟರೆ ತೆರಿಗೆ ವಸೂಲಿ ಸುಲಭವಾಗುತ್ತದೆ.

ಇನ್ನೊಂದು ಆಕ್ಷೇಪವೂ ಇದೆ. ಅರಬ್ಬಿ ವ್ಯಾಕರಣದಲ್ಲಿ ‘ನಫ್ಸ್’ ಸ್ತ್ರೀಲಿಂಗ. ಅದನ್ನೇ ನೆಪವಾಗಿಸಿಕೊಂಡು ಅದೆಷ್ಟೋ ಸೂಫಿ ಲೇಖಕರು ಕೀಳು ನಫ್ಸ್‌ಗೆ ಹೆಣ್ಣಿನ ರೂಪ ಕೊಟ್ಟರು. ಪಳಗಿಸುವ ವಿವೇಕ ಮಾತ್ರ ಗಂಡಾಯಿತು. ಬಸ್ರಾದ ರಾಬಿಯಾರನ್ನು ಹೊಗಳಬೇಕಾದಾಗ ಅವರನ್ನು ಗಂಡೆಂದೇ ಎಣಿಸಬೇಕೆಂದು ಹೇಳಬೇಕಾಗಿ ಬಂದದ್ದು ಈ ಪರಂಪರೆಯ ಇಕ್ಕಟ್ಟು. ಆದರೂ ಪುಸ್ತಕದ ಹೊರಗೆ ಬೇರೆ ಸಂಗತಿಗಳು ನಡೆದವು. ಬಿಜಾಪುರದ ಸೂಫಿಗಳ ಕುರಿತ ತಮ್ಮ 1978ರ ಗ್ರಂಥದಲ್ಲಿ ರಿಚರ್ಡ್ ಈಟನ್ ‘ಚಕ್ಕಿನಾಮಾ’ಗಳನ್ನು ಪರಿಶೀಲಿಸಿದ್ದಾರೆ. ಬೀಸುಕಲ್ಲಿನ ಮುಂದೆ ಕುಳಿತ ಹೆಂಗಸರು ದಖನಿ ನುಡಿಯಲ್ಲಿ ಹಾಡುತ್ತಿದ್ದ ಪದಗಳಿವು; ಹಿಟ್ಟು ಬೀಸುವ ಲಯದೊಂದಿಗೇ ದೇವರ ಸ್ಮರಣೆಯೂ ಸಾಗುತ್ತಿತ್ತು. ನಮ್ಮ ನೆಲದ ಆ ಹೆಂಗಸರಿಗೆ ಸಾಧನೆ ಎಂಬುದು ದುಡಿಮೆಯ ನಂತರ ಸಿಗುವ ಬಿಡುವಿನ ವೇಳೆಯ ಸಂಗತಿಯಾಗಿರಲಿಲ್ಲ.

ಗಜಾಲಿಗೆ ಮರಳುವುದಾದರೆ, ಏಕಾಂತವೂ ಅವರಿಗೆ ಸುರಕ್ಷಿತ ನೆಲೆಯಾಗಲಿಲ್ಲ. 1106ರಲ್ಲಿ ನಿಜಾಮುಲ್ ಮುಲ್ಕರ ಮಗ, ವಜೀರ ಫಖ್ರುಲ್ ಮುಲ್ಕ್, ನಿಶಾಪುರದ ವಿದ್ಯಾಲಯದಲ್ಲಿ ಬೋಧಿಸುವಂತೆ ಒತ್ತಾಯಿಸಿದರು. ತನ್ನ ಏಕಾಂತಕ್ಕೆ ಕಾರಣ ಸೋಮಾರಿತನವೇ, ನೆಮ್ಮದಿಯ ಆಸೆಯೇ, ಜನರ ಕಿರುಕುಳದಿಂದ ತಪ್ಪಿಸಿಕೊಳ್ಳುವ ಬಯಕೆಯೇ ಎಂದು ಗಜಾಲಿ ತನ್ನನ್ನೇ ಕೇಳಿಕೊಂಡರು. ಪೀಠದಲ್ಲಿ ಅಡಗಿದ್ದ ನಫ್ಸ್ ಮಿನಾರಿನ ಏಕಾಂತದಲ್ಲಿಯೂ ಅಡಗಬಲ್ಲದು. ಅವರು ಮರಳಿ ಬೋಧನೆಗೆ ಹೋದರು. ಹಿಂದೆ ಸ್ಥಾನ ಗಳಿಸಿಕೊಡುವ ವಿದ್ಯೆಯನ್ನು ಕಲಿಸುತ್ತಿದ್ದೆ, ಈಗ ಸ್ಥಾನವನ್ನು ತೊರೆಯಿಸುವ ವಿದ್ಯೆಯನ್ನು ಎಂಬ ಆಶಯದ ಸಮರ್ಥನೆ ಅವರ ಆತ್ಮಕಥನದಲ್ಲಿದೆ. ಆ ಕಥನವೇ ನಿಶಾಪುರದ ವಿರೋಧಿಗಳಿಗೆ ಕೊಟ್ಟ ಜಾಣ ಉತ್ತರವೆಂದು ಕೆನೆತ್ ಗಾರ್ಡನ್ ಅವರಂಥ ಇತ್ತೀಚಿನ ಸಂಶೋಧಕರು ವಾದಿಸುತ್ತಾರೆ. ಆ ವಾದಕ್ಕೆ ಬಲವಿದೆ. ಆದರೆ ಅದರಿಂದ ಗಜಾಲಿ ಸಣ್ಣವರಾಗುವುದಿಲ್ಲ. ತನ್ನ ಉದ್ದೇಶವನ್ನು ತಾನೇ ಪೂರ್ತಿ ಅರಿಯಲಾಗದೆಂಬ ಅವರ ಮಾತಿಗೆ ಅವರೇ ಸಾಕ್ಷಿಯಾಗುತ್ತಾರೆ.

ಇದಕ್ಕೆ ಅವರು ಇಹ್ಯಾದಲ್ಲಿ ಸೂಚಿಸಿದ ಉಪಾಯ ವ್ಯಾಪಾರಿಗಳದ್ದು. ವಿವೇಕ ಬಂಡವಾಳ ಹಾಕಿದ ವರ್ತಕ, ನಫ್ಸ್ ಅವನ ಪಾಲುದಾರ. ಬೆಳಗ್ಗೆ ಕರಾರು ಮಾಡಿಕೊಳ್ಳಬೇಕು, ಹಗಲೆಲ್ಲ ಕಣ್ಣಿಟ್ಟಿರಬೇಕು, ಸಂಜೆ ಲೆಕ್ಕ ಕೇಳಬೇಕು. ಪಾಲುದಾರನನ್ನು ಹೊರದಬ್ಬಿದರೆ ವ್ಯಾಪಾರವೇ ನಿಲ್ಲುತ್ತದೆ. ಪೂರ್ತಿ ನಂಬಿದರೆ ಬಂಡವಾಳವೇ ಮುಳುಗುತ್ತದೆ. ಒಂದು ದಿನದ ಲೆಕ್ಕ ಮುಗಿದರೂ ಮರುದಿನದ್ದು ಕಾದಿರುತ್ತದೆ.

ಪಲಾಯನದ ಆಕ್ಷೇಪಕ್ಕೆ ಒಬ್ಬ ವ್ಯಕ್ತಿಯ ಬದುಕನ್ನು ಮುಂದಿಡಬಹುದು. ಅಲ್ಜೀರಿಯಾದ ಅಮೀರ್ ಅಬ್ದುಲ್ ಕಾದಿರ್ 1832ರಿಂದ 1847ರವರೆಗೆ ಫ್ರೆಂಚ್ ವಸಾಹತು ಸೈನ್ಯದ ವಿರುದ್ಧ ಹೋರಾಡಿದರು. ಶರಣಾಗುವಾಗ ಕೊಟ್ಟ ಮಾತನ್ನು ಮುರಿದು ಫ್ರಾನ್ಸ್ ಅವರನ್ನು 1852ರವರೆಗೆ ಸೆರೆಯಲ್ಲಿಟ್ಟಿತು. ಮುಂದೆ ಡಮಾಸ್ಕಸ್‌ನಲ್ಲಿ ನೆಲೆಸಿ ಇಬ್ನ್ ಅರಬಿಯವರ ಕೃತಿಗಳ ಅಧ್ಯಯನದಲ್ಲಿ ಮುಳುಗಿದರು. 1860ರ ಜುಲೈನಲ್ಲಿ ಅಲ್ಲಿನ ಕ್ರೈಸ್ತರ ಮೇಲೆ ಗಲಭೆಕೋರರು ಎರಗಿದಾಗ, ತಮ್ಮ ಅಲ್ಜೀರಿಯನ್ ಸಂಗಡಿಗರೊಂದಿಗೆ ಬೀದಿಗಿಳಿದು ಸಾವಿರಾರು ಜನರನ್ನು ರಕ್ಷಿಸಿದರು, ತಮ್ಮ ಮನೆಯಲ್ಲಿ ಆಶ್ರಯ ಕೊಟ್ಟರು. ತಮ್ಮ ನಾಡನ್ನು ಕಸಿದವರ ಧರ್ಮದವರೇ ಅವರು. ಹದಿನೈದು ವರ್ಷದ ಯುದ್ಧ, ಸೆರೆವಾಸ, ಗಡೀಪಾರು, ಇಷ್ಟೆಲ್ಲ ಅನುಭವಿಸಿದವನಲ್ಲಿ ಸೇಡು ಎಂಬುದು ನ್ಯಾಯದ ವೇಷ ತೊಟ್ಟು ಬರುವುದು ಬಹಳ ಸುಲಭ. ತಾವು ಮಾಡಿದ್ದು ಇಸ್ಲಾಮಿನ ಕಟ್ಟಳೆಗೂ ಮಾನವರ ಹಕ್ಕುಗಳಿಗೂ ಅನುಗುಣವಾಗಿದೆ ಎಂಬರ್ಥದಲ್ಲಿ ಅವರು ಅಲ್ಜಿಯರ್ಸ್‌ನ ಬಿಷಪ್‌ಗೆ ಬರೆದರು. ಅವರನ್ನು ಸೆರೆಯಲ್ಲಿಟ್ಟಿದ್ದ ಫ್ರಾನ್ಸ್ ತನ್ನ ಉನ್ನತ ಗೌರವಪದಕವನ್ನು ಕಳಿಸಿಕೊಟ್ಟಿತು, ಅವರು ಅದನ್ನು ಸ್ವೀಕರಿಸಿದರು. ಆ ಪದಕ ತೊಟ್ಟ ಅವರ ಛಾಯಾಚಿತ್ರ ಇಂದಿಗೂ ಅನೇಕ ಅಲ್ಜೀರಿಯನ್ನರಿಗೆ ಮುಜುಗರದ ವಸ್ತು.

1883ರಲ್ಲಿ ತೀರಿಕೊಂಡ ಅವರನ್ನು ಡಮಾಸ್ಕಸ್‌ನಲ್ಲಿ ಇಬ್ನ್ ಅರಬಿಯವರ ಸಮಾಧಿಯ ಪಕ್ಕದಲ್ಲಿ ಮಣ್ಣುಮಾಡಲಾಯಿತು. ಸ್ವತಂತ್ರ ಅಲ್ಜೀರಿಯಾ 1966ರಲ್ಲಿ ಅವರ ಅವಶೇಷಗಳನ್ನು ಅಲ್ಜಿಯರ್ಸ್‌ಗೆ ತಂದು ರಾಷ್ಟ್ರೀಯ ಗೌರವದೊಂದಿಗೆ ಮತ್ತೆ ಹೂಳಿತು. ಆ ನಗರದ ಚೌಕದಲ್ಲಿರುವ ಅವರ ಪ್ರತಿಮೆ ಕುದುರೆಯ ಮೇಲಿದೆ, ಕೈಯಲ್ಲಿ ಎತ್ತಿ ಹಿಡಿದ ಖಡ್ಗವಿದೆ.