ಒಂದು ಸಂಸ್ಥೆಯ ಸಂಸಾರ ಚಿತ್ರಗಳು: ಒಂದು ಪಟ್ಟಿಯ ಕಥೆ

ಊರೂರು ಅಲೆದು ತಾಳೆಗರಿಯ ಕಟ್ಟುಗಳನ್ನು ಕೂಡಿಸಿ, ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಕವಿ ಯಾರು, ಕಾಲ ಯಾವುದು, ಗರಿಗಳೆಷ್ಟು, ಆದಿ ಅಂತ್ಯಗಳು ಇವೆಯೇ ಇಲ್ಲವೇ ಎಂದು ಬರೆದಿಡುವವರನ್ನು ನಾವು ವಿದ್ವಾಂಸರೆಂದು ಗೌರವಿಸುತ್ತೇವೆ. ಅದೇ ಶ್ರಮವನ್ನು ಹಳೆಯ ಚಲನಚಿತ್ರಗಳ ವಿಷಯದಲ್ಲಿ ಮಾಡುವವನನ್ನು ಕಂಡರೆ ಮಾತ್ರ ಸಜ್ಜನರೂ ಮುಗುಳ್ನಗುತ್ತಾರೆ. ಸಿನಿಮಾ ಎಂಬುದು ನೋಡಿ ಮರೆಯುವ ವಸ್ತು, ಅದಕ್ಕೆ ಪಟ್ಟಿಯೇಕೆ ಎಂಬುದು ಆ ನಗೆಯ ಅರ್ಥ. ಆದರೆ ಸಾವಿರ ವರ್ಷ ಹಳೆಯ ಕಾವ್ಯದ ಪ್ರತಿಗಳು ನಮಗೆ ದೊರಕಿವೆ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ನಮಗೆ ದೊರಕಿಲ್ಲ. ನೂರು ವರ್ಷವೂ ತುಂಬದ ಕಲೆಯೊಂದು ತನ್ನ ಚೊಚ್ಚಲ ಕೃತಿಯನ್ನೇ ಕಳೆದುಕೊಂಡಿದೆ ಎಂದರೆ, ಪಟ್ಟಿ ಮಾಡುವ ಕೆಲಸ ಅಷ್ಟೇನೂ ಹಾಸ್ಯಾಸ್ಪದವಲ್ಲ.

ನಾನು ಕೈಗೆತ್ತಿಕೊಂಡದ್ದು ಇಡೀ ಕನ್ನಡ ಚಿತ್ರರಂಗವನ್ನಲ್ಲ. ಒಂದು ಸಂಸ್ಥೆ, ಒಂದು ಬಗೆಯ ಚಿತ್ರಗಳು, ಮೂರು ಊರುಗಳು. ಸಂಸ್ಥೆ ಬಿ.ಆರ್. ಪಂತುಲು ಅವರ ಪದ್ಮಿನಿ ಪಿಕ್ಚರ್ಸ್. ಚಿತ್ರಗಳು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ನೋಡುವಂಥ ಸಂಸಾರ ಚಿತ್ರಗಳು. ಊರುಗಳು ಒಂದೇ ರಸ್ತೆಯ ಮೇಲೆ ಸಾಲಾಗಿ ಬರುವ ಸಿಂಧನೂರು, ಮಸ್ಕಿ ಮತ್ತು ಲಿಂಗಸುಗೂರು. ಈ ಚಿತ್ರಗಳ ಕುರಿತು ಏನೇನು ಉಳಿದಿದೆ, ಈ ಸೀಮೆಯ ಜನರ ನೆನಪಿನಲ್ಲಿ ಅವು ಹೇಗೆ ಉಳಿದಿವೆ ಎಂಬ ಎರಡನ್ನೂ ಒಂದೇ ಹಾಳೆಯ ಮೇಲೆ ಬರೆಯಬೇಕೆಂಬುದು ನನ್ನ ಉದ್ದೇಶ.

ಪಂತುಲು ಅವರು ರಂಗಭೂಮಿಯಿಂದ ಬಂದವರು. 1936ರ ‘ಸಂಸಾರ ನೌಕೆ’ಯಲ್ಲಿ ಎಂ.ವಿ. ರಾಜಮ್ಮನವರೊಡನೆ ನಟಿಸಿದವರು. ಪುರಾಣದ ಕಥೆಗಳೇ ತುಂಬಿದ್ದ ಆ ಕಾಲದಲ್ಲಿ ಅದು ಸಾಮಾಜಿಕ ಚಿತ್ರವೆಂಬುದನ್ನು ಗಮನಿಸಬೇಕು. ಮುಂದೆ ಮದರಾಸಿನಲ್ಲಿ ತಮ್ಮದೇ ಸಂಸ್ಥೆಯನ್ನು ಕಟ್ಟಿದ ಮೇಲೆಯೂ ಅವರ ಮನಸ್ಸು ಸಂಸಾರದ ಕಡೆಗೆ ಮತ್ತೆ ಮತ್ತೆ ಹರಿಯಿತು. 1955ರಲ್ಲಿ ‘ಮೊದಲ ತೇದಿ’, 1958ರಲ್ಲಿ ‘ಸ್ಕೂಲ್ ಮಾಸ್ಟರ್’, 1960ರಲ್ಲಿ ‘ಮಕ್ಕಳ ರಾಜ್ಯ’, 1963ರಲ್ಲಿ ‘ಸಾಕು ಮಗಳು’, 1964ರಲ್ಲಿ ‘ಚಿನ್ನದ ಗೊಂಬೆ’. ಹೆಸರುಗಳನ್ನೇ ಓದಿ ನೋಡಿ. ಸಂಬಳದ ದಿನ, ಶಾಲೆಯ ಉಪಾಧ್ಯಾಯ, ಮಕ್ಕಳು, ಸಾಕಿದ ಮಗಳು. ನಡುಮನೆಯ ಚಿಂತೆಗಳೇ ಅವು. ‘ಕಿತ್ತೂರು ಚೆನ್ನಮ್ಮ’, ‘ಶ್ರೀಕೃಷ್ಣದೇವರಾಯ’ಗಳಂಥ ಭವ್ಯ ಚಿತ್ರಗಳಿಂದ ಪಂತುಲು ಅವರನ್ನು ನೆನೆಯುವವರು ಹೆಚ್ಚು. ಆದುದರಿಂದಲೇ ಈ ಸಣ್ಣ ಚಿತ್ರಗಳನ್ನು ಬರೆದಿಡುವ ಅಗತ್ಯವೂ ಹೆಚ್ಚು.

ಹೊರನಾಡುಗಳಲ್ಲಿ ಈ ಬಗೆಯ ಕೆಲಸ ಹೊಸದಲ್ಲ. ಅಮೆರಿಕದ ಡಿಸ್ನಿ ಸಂಸ್ಥೆಯೆಂದರೆ ನಮಗೆ ನೆನಪಾಗುವುದು ಬರೆದ ಬೊಂಬೆಗಳ ಚಿತ್ರ. ಆದರೆ 1950ರ ‘ಟ್ರೆಷರ್ ಐಲೆಂಡ್’ನಿಂದ ಮೊದಲುಗೊಂಡು, ಆ ಸಂಸ್ಥೆ ಪೂರ್ತಿಯಾಗಿ ಮನುಷ್ಯರೇ ನಟಿಸಿದ ಚಿತ್ರಗಳನ್ನೂ ಮಕ್ಕಳಿಗಾಗಿ, ಮನೆಯವರಿಗಾಗಿ ಒಂದರ ಮೇಲೊಂದು ತಯಾರಿಸಿತು. ಇಲಿ ಬಾತುಗಳ ಕೀರ್ತಿಯಲ್ಲಿ ಮರೆಯಾದ ಆ ಚಿತ್ರಗಳನ್ನು ಹುಡುಕಿ ಕೂಡಿಸುವ, ವರ್ಷವಾರು ಪಟ್ಟಿ ಮಾಡುವ ಹವ್ಯಾಸಿಗಳು ಅಲ್ಲಿದ್ದಾರೆ. ಅವರಿಗೊಂದು ಅನುಕೂಲವಿದೆ: ಸಂಸ್ಥೆ ಇನ್ನೂ ಬದುಕಿದೆ, ತನ್ನ ಸರಕನ್ನು ತಾನು ಕಾಪಾಡಿಕೊಂಡಿದೆ. ನಮ್ಮಲ್ಲಿ ಚಿತ್ರ ತೆಗೆದವರು 1974ರಲ್ಲಿ ತೀರಿಕೊಂಡರು. ಚಿತ್ರ ತೋರಿಸಿದ ಡೇರೆಗಳು ಬಿಚ್ಚಿಹೋದವು. ಚಿತ್ರ ನೋಡಿದವರು ಮುದುಕರಾದರು.

ಪ್ರತಿಗಳು ಏಕೆ ಹಾಳಾದವು ಎಂದು ಕೇಳುವವರುಂಟು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಫಿಲ್ಮು ಬೆಂಕಿಗೆ ಬಲಿಯಾಗುವಂಥದು. ಅನಂತರ ಬಂದ ಅಸಿಟೇಟ್ ಫಿಲ್ಮು ಬೆಂಕಿಗೆ ಹೆದರದಿದ್ದರೂ ಸೆಕೆಗೆ ಹೆದರುತ್ತದೆ. ಬಿಸಿಲಿನ ನಾಡಿನಲ್ಲಿ ಮುಚ್ಚಿಟ್ಟ ಡಬ್ಬಿಯೊಳಗೆ ಕ್ರಮೇಣ ಹುಳಿವಾಸನೆ ಹಿಡಿದು, ಸುರುಟಿ, ಕುಗ್ಗುತ್ತದೆ. ಇವೆರಡಕ್ಕಿಂತ ದೊಡ್ಡ ಶತ್ರು ತಕ್ಕಡಿ. ಕಪ್ಪು ಬಿಳುಪು ಫಿಲ್ಮಿನಲ್ಲಿ ಬೆಳ್ಳಿಯ ಅಂಶವಿರುತ್ತದೆ. ಓಡಿ ಸವೆದ ಪ್ರತಿಗಳನ್ನು ತೂಕಕ್ಕೆ ಕೊಂಡು, ತೊಳೆದು, ಬೆಳ್ಳಿ ತೆಗೆಯುವ ವ್ಯಾಪಾರ ನಮ್ಮ ದೇಶದಲ್ಲಿ ಬಹುಕಾಲ ನಡೆಯಿತು. 1964ರಲ್ಲಿ ಪುಣೆಯಲ್ಲಿ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯ ಸ್ಥಾಪನೆಯಾಗಿ, ಪಿ.ಕೆ. ನಾಯರ್ ಅವರಂಥ ಶ್ರದ್ಧಾವಂತರು ದೇಶವೆಲ್ಲ ತಿರುಗಿ ಉಳಿದದ್ದನ್ನು ಉಳಿಸಿದರು. 2022ರಲ್ಲಿ ಆ ಸಂಗ್ರಹಾಲಯ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದೊಳಗೆ ಸೇರಿದೆ. ಆದರೆ ಸಂಗ್ರಹಾಲಯ ಫಿಲ್ಮನ್ನು ಕಾಪಾಡಬಲ್ಲದು. ಮಸ್ಕಿಯ ಬಯಲಿನಲ್ಲಿ ಆ ಫಿಲ್ಮನ್ನು ಯಾರು ನೋಡಿದರು, ನೋಡಿ ಏನೆಂದುಕೊಂಡರು ಎಂಬುದನ್ನು ಕಾಪಾಡಲಾರದು. ಅದು ನಮ್ಮ ಕೆಲಸ.

ಲಿಂಗಸುಗೂರಿನ ಒಂದು ಮನೆಯಲ್ಲಿ ಸಜ್ಜೆಯ ಬೀಜ ತುಂಬಿಟ್ಟಿದ್ದ ದುಂಡನೆಯ ತಗಡಿನ ಡಬ್ಬಿಯೊಂದನ್ನು ಕಂಡೆ. ಮುಚ್ಚಳದ ಮೇಲೆ ಬಿಳಿಯ ಬಣ್ಣದಲ್ಲಿ ಬರೆದ ಅಂಕಿಯೊಂದು ಮಾತ್ರ ಉಳಿದಿತ್ತು: 7. ಅದು ಯಾವುದೋ ಚಿತ್ರದ ಏಳನೆಯ ರೀಲಿನ ಮನೆ. ಚಿತ್ರದ ಹೆಸರು ಉಜ್ಜಿಹೋಗಿತ್ತು. ಬೀಜ ಮಾತ್ರ ಹುಳ ಹಿಡಿಯದೆ ಚೆನ್ನಾಗಿತ್ತು.

ಫಿಲ್ಮು ಸಿಗದಿದ್ದಾಗ ಪಟ್ಟಿಗಾರನಿಗೆ ಆಧಾರವಾಗುವವು ಅದರ ಸುತ್ತಲಿನ ಕಾಗದಗಳು. ಮೊದಲನೆಯದು ಹಾಡಿನ ಪುಸ್ತಕ. ಆಟದ ಬಾಗಿಲಲ್ಲಿ ಕೆಲವೇ ಆಣೆಗಳಿಗೆ ಮಾರುತ್ತಿದ್ದ ಆ ಎಂಟು ಹತ್ತು ಪುಟಗಳಲ್ಲಿ ಪಾತ್ರವರ್ಗ, ಕಥಾಸಾರ, ಹಾಡುಗಳು ಎಲ್ಲವೂ ಇರುತ್ತವೆ. ಕಥಾಸಾರ ಮಾತ್ರ ಮುಂದಿನದನ್ನು ಬೆಳ್ಳಿತೆರೆಯ ಮೇಲೆ ನೋಡಿರೆಂದು ನಡುದಾರಿಯಲ್ಲಿ ನಮ್ಮನ್ನು ಬಿಟ್ಟುಬಿಡುತ್ತದೆ. ಎರಡನೆಯದು ಧ್ವನಿಮುದ್ರಿಕೆಯ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ತಟ್ಟೆಯ ಒಂದು ಮಗ್ಗುಲಲ್ಲಿ ಮೂರು ಮೂರೂವರೆ ನಿಮಿಷದ ಹಾಡು ಮಾತ್ರ ಹಿಡಿಯುತ್ತಿತ್ತಾದ್ದರಿಂದ, ತಟ್ಟೆಯ ಹಾಡೂ ಚಿತ್ರದ ಹಾಡೂ ಒಂದೇ ಆಗಿರಬೇಕೆಂದಿಲ್ಲ. ಮೂರನೆಯದು ಭಿತ್ತಿಪತ್ರ, ಕರಪತ್ರ. ನಾಲ್ಕನೆಯದು ಮನುಷ್ಯರ ನೆನಪು. ಈ ನಾಲ್ಕರ ತೂಕ ಒಂದೇ ಅಲ್ಲ. ಅದಕ್ಕಾಗಿ ನನ್ನ ಹಾಳೆಗಳಲ್ಲಿ ಪ್ರತಿಯೊಂದು ವಿವರದ ಮುಂದೆಯೂ ಒಂದು ಗುರುತು ಹಾಕುತ್ತೇನೆ: ಕಂಡದ್ದು, ಓದಿದ್ದು, ಕೇಳಿದ್ದು. ಕೇಳಿದ್ದನ್ನು ಕಂಡದ್ದರ ಸಾಲಿನಲ್ಲಿ ಕೂರಿಸಬಾರದು. ಹಾಗೆಂದು ಹೊರಗೆ ಹಾಕಲೂ ಬಾರದು.

ಈ ಸೀಮೆಯಲ್ಲಿ ಹೆಸರುಗಳ ತೊಡಕು ವಿಶೇಷವಾದದ್ದು. ರಾಯಚೂರು ಜಿಲ್ಲೆ 1956ರ ನವೆಂಬರ್ ಒಂದರವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಕನ್ನಡದ ಜೊತೆಗೆ ಉರ್ದು, ತೆಲುಗುಗಳೂ ಇಲ್ಲಿನ ಸಂತೆಯ ಮಾತುಗಳು. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದ ರೈತರು ಸಿಂಧನೂರಿನ ಸುತ್ತ ನೆಲೆಸಿ, ಅವರ ಊರುಗಳು ಇಂದಿಗೂ ಕ್ಯಾಂಪುಗಳೆಂದೇ ಹೆಸರಾಗಿವೆ. ಇಂಥ ಕಡೆ ‘ಪಂತುಲು ಅವರ ಸಿನಿಮಾ ನೋಡಿದ್ದೀರಾ’ ಎಂದು ಕೇಳಿದರೆ ಉತ್ತರ ಥಟ್ಟನೆ ಬರುತ್ತದೆ, ನೋಡಿದ್ದೇವೆ ಎಂದು. ಆದರೆ ಅವರು ಹೇಳುವುದು 1972ರ ತೆಲುಗು ಚಿತ್ರ ‘ಬಡಿ ಪಂತುಲು’. ತೆಲುಗಿನಲ್ಲಿ ಆ ಮಾತಿಗೆ ಶಾಲೆಯ ಉಪಾಧ್ಯಾಯ ಎಂದೇ ಅರ್ಥ. ಎನ್.ಟಿ. ರಾಮರಾವ್ ನಟಿಸಿದ ಆ ಚಿತ್ರವಾದರೂ ಯಾವುದು? ನಮ್ಮ ‘ಸ್ಕೂಲ್ ಮಾಸ್ಟರ್’ನ ಕಥೆಯೇ! ಆ ಕಥೆಗೆ 1958ರಲ್ಲಿಯೇ ತಮಿಳಿನಲ್ಲಿ ‘ಎಂಗ ಕುಡುಂಬಂ ಪೆರಿಸು’ ಎಂಬ ರೂಪವಿತ್ತು. 1959ರಲ್ಲಿ ಹಿಂದಿಯಲ್ಲಿ, 1964ರಲ್ಲಿ ಮಲಯಾಳದಲ್ಲಿ ಅದು ‘ಸ್ಕೂಲ್ ಮಾಸ್ಟರ್’ ಎಂಬ ಹೆಸರಿನಿಂದಲೇ ಬಂತು. ಒಬ್ಬ ಬಡ ಉಪಾಧ್ಯಾಯ ಐದು ಭಾಷೆಗಳಲ್ಲಿ ಪಾಠ ಹೇಳಿದ. ಯಾವ ಊರಿನವರು ಯಾವ ಭಾಷೆಯ ಪಾಠ ಕೇಳಿದರು ಎಂಬುದನ್ನು ಬಿಡಿಸಿ ಬರೆಯದಿದ್ದರೆ ಪಟ್ಟಿ ಕಲಸುಮೇಲೋಗರವಾಗುತ್ತದೆ.

ಒಂದು ಹೆಸರಿನ ಬೆಲೆಯೇನೆಂಬುದನ್ನು ಮಸ್ಕಿಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳ ಶಾಸನಗಳು ದೇಶದ ನಾನಾ ಕಡೆ ಸಿಕ್ಕಿದ್ದವು. ಆ ಅರಸ ಯಾರೆಂದು ವಿದ್ವಾಂಸರು ಊಹಿಸಿದ್ದರು. ಬೌದ್ಧ ಗ್ರಂಥಗಳ ನೆರವಿನಿಂದ ಬಹುಮಟ್ಟಿಗೆ ಸರಿಯಾಗಿಯೇ ಊಹಿಸಿದ್ದರು. ಆದರೆ ಕಲ್ಲಿನ ಮೇಲೆ ಅಶೋಕ ಎಂಬ ಹೆಸರೇ ಕಾಣಿಸಿದ್ದು 1915ರಲ್ಲಿ, ಮಸ್ಕಿಯ ಬಂಡೆಯಲ್ಲಿ. ಚಿನ್ನದ ನಿಕ್ಷೇಪ ಹುಡುಕಲು ಬಂದಿದ್ದ ಬೀಡನ್ ಎಂಬ ಎಂಜಿನಿಯರನ ಕಣ್ಣಿಗೆ. ಅಂದಿನಿಂದ ಊಹೆ ಇತಿಹಾಸವಾಯಿತು. ಚಕ್ರವರ್ತಿಯ ವಿಷಯದಲ್ಲಿ ನಿಜವಾದದ್ದು ಛಾಯಾಗ್ರಾಹಕನ ವಿಷಯದಲ್ಲಿ, ಬಾಲನಟನ ವಿಷಯದಲ್ಲಿ ನಿಜವಲ್ಲವೇ? ಚಿತ್ರದ ಆರಂಭದಲ್ಲಿ ಓಡುವ ಹೆಸರುಗಳ ಸಾಲೇ ಆ ಚಿತ್ರದ ಶಾಸನ. ‘ಮಕ್ಕಳ ರಾಜ್ಯ’ದ ಬಾಲಕ ಉಮೇಶ್ ಮುಂದೆ ದಶಕಗಳ ಕಾಲ ಕನ್ನಡಿಗರನ್ನು ನಗಿಸಿದರು. ಪಂತುಲು ಅವರ ಬಳಿ ಸಹಾಯಕರಾಗಿ ಕೆಲಸ ಕಲಿತ ಪುಟ್ಟಣ್ಣ ಕಣಗಾಲರು ನಾನು ಈಗ ಹೇಳಿದ ಮಲಯಾಳದ ‘ಸ್ಕೂಲ್ ಮಾಸ್ಟರ್’ ಅನ್ನು ನಿರ್ದೇಶಿಸಿ, 1967ರಲ್ಲಿ ‘ಬೆಳ್ಳಿಮೋಡ’ವನ್ನು ಕೊಟ್ಟರು. ನಾಳೆಯ ದೊಡ್ಡ ಹೆಸರುಗಳು ಇಂದಿನ ಸಣ್ಣ ಅಕ್ಷರಗಳಲ್ಲಿರುತ್ತವೆ.

‘ಎಲ್ಲ ಚಿತ್ರಗಳೂ ಈಗ ಮೊಬೈಲ್ ಫೋನಿನಲ್ಲೇ ಸಿಗುತ್ತವಲ್ಲ’ ಎನ್ನುವ ತರುಣರಿದ್ದಾರೆ. ಅನೇಕವು ಸಿಗುತ್ತವೆ, ನಿಜ. ಆ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹಾಗೆ ಸಿಗುವ ಪ್ರತಿಗಳಲ್ಲಿ ಎಷ್ಟೋ ಬಾರಿ ಮೊದಲು ಕತ್ತರಿ ಬಿದ್ದಿರುವುದು ಆ ಹೆಸರುಗಳ ಸಾಲಿಗೇ. ಚಿತ್ರದ ಮೈಯೂ ಪೂರ್ತಿ ಇರುವುದಿಲ್ಲ. ಇದನ್ನು ಲೆಕ್ಕದಿಂದಲೇ ತಿಳಿಯಬಹುದು. 35 ಮಿಲಿಮೀಟರ್ ಫಿಲ್ಮು ನಿಮಿಷಕ್ಕೆ 90 ಅಡಿ ಓಡುತ್ತದೆ. 16,000 ಅಡಿಯ ಚಿತ್ರವೆಂದರೆ ಮೂರು ಗಂಟೆಗೆ ಎರಡು ನಿಮಿಷ ಕಡಮೆ. ಅಂಥ ಚಿತ್ರ ಫೋನಿನಲ್ಲಿ 140 ನಿಮಿಷಕ್ಕೆ ಮುಗಿದರೆ, ಮೂರು ಸಾವಿರದ ನಾನೂರು ಅಡಿ ಎಲ್ಲಿಯೋ ಉದುರಿಹೋಗಿದೆ ಎಂದರ್ಥ. ಮೂಲದ ಉದ್ದವನ್ನು ಬರೆದಿಟ್ಟವರಿಲ್ಲದಿದ್ದರೆ, ಉದುರಿದ್ದು ಉದುರಿತೆಂದು ಕೂಡ ನಮಗೆ ತಿಳಿಯುವುದಿಲ್ಲ. ಕಳೆದುಕೊಂಡದ್ದಕ್ಕಿಂತ, ಕಳೆದುಕೊಂಡಿದ್ದೇವೆಂದು ತಿಳಿಯದಿರುವುದೇ ದೊಡ್ಡ ನಷ್ಟ.

ಮಸ್ಕಿಯ ವೃದ್ಧೆಯೊಬ್ಬರು, ಅಕ್ಷರ ಬಾರದವರು, ನನ್ನ ಪ್ರಶ್ನೆಗೆ ಹೇಳಿದ ಉತ್ತರ ನನ್ನ ಹಾಳೆಗಳಲ್ಲಿ ‘ಕೇಳಿದ್ದು’ ಎಂಬ ಗುರುತಿನ ಕೆಳಗಿದೆ. “ಹೆಸರು ಯಾರಿಗೆ ಗೊತ್ತೋ ತಮ್ಮಾ? ಮಾಸ್ತರನ ಸಿನಿಮಾ ಅಂತಿದ್ವಿ. ಮುದುಕನ್ನ ಒಬ್ಬ ಮಗ, ಮುದುಕೀನ್ನ ಒಬ್ಬ ಮಗ ಹಂಚಿಕೊಂಡ್ರಲ್ಲ, ಅದು. ಅವತ್ತು ಡೇರೆದಾಗ ಹೆಣ್ಮಕ್ಕಳೆಲ್ಲ ಅತ್ವಿ. ನಮಗೂ ಹಂಗ ಆಗ್ತೈತಿ ಅಂತ ಆಗ ಯಾರಿಗೆ ಗೊತ್ತಿತ್ತು?” ಅವರ ಮಕ್ಕಳಿಬ್ಬರೂ ದುಡಿಯಲು ಬೆಂಗಳೂರು ಸೇರಿದ್ದಾರೆ. ಈ ಸೀಮೆಯಲ್ಲಿ ಗುಳೆ ಹೋಗುವುದು ಹೊಸ ಮಾತಲ್ಲ. ಹಿಂದೆ ಉಳಿಯುವವರು ಮುದುಕರು. ಆ ತಾಯಿ ಚಿತ್ರದ ಹೆಸರನ್ನು ಮರೆತಿದ್ದರು, ನಿರ್ದೇಶಕರ ಹೆಸರನ್ನು ಎಂದೂ ಕೇಳಿರಲಿಲ್ಲ. ಆದರೆ ಆ ಚಿತ್ರ ಏನು ಹೇಳಹೊರಟಿತ್ತೋ ಅದನ್ನು ಅವರಷ್ಟು ಚೊಕ್ಕವಾಗಿ ಯಾವ ವಿಮರ್ಶಕನೂ ನನಗೆ ಹೇಳಿಲ್ಲ. ಇದನ್ನು ಯಾವ ಹಾಡಿನ ಪುಸ್ತಕದಿಂದ ಪಡೆಯಲಿ?

ಇಲ್ಲಿ ನನ್ನನ್ನು ಅವಸರಪಡಿಸುವ ಲೆಕ್ಕವೊಂದಿದೆ. ‘ಸ್ಕೂಲ್ ಮಾಸ್ಟರ್’ ಬಂದಾಗ ಹತ್ತು ವರ್ಷದವರಾಗಿದ್ದವರು ಈಗ ಎಪ್ಪತ್ತೈದು ದಾಟಿದ್ದಾರೆ. ಗುರುಗುಂಟಾ ಅಮರೇಶ್ವರನ ಜಾತ್ರೆಗೆ ಚಕ್ಕಡಿಯಲ್ಲಿ ಹೋಗಿ ಬಂದ ನೆನಪು, ಡೇರೆಯ ಎಣ್ಣೆ ಎಂಜಿನ್ನಿನ ಸದ್ದು, ಆಟಕ್ಕೆ ಮುನ್ನ ಹಾಕುತ್ತಿದ್ದ ದೇವರ ಹಾಡಿನ ತಟ್ಟೆ, ನೆಲದ ಮರಳಿನಲ್ಲಿ ಕುಳಿತು ಕಂಡ ಮುಖಗಳು, ಇವುಗಳನ್ನು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ. ಫಿಲ್ಮಿನ ಪ್ರತಿಯೊಂದು ಎಲ್ಲಿಯೋ ಒಂದು ಉಗ್ರಾಣದಲ್ಲಿ ನಾಳೆ ಸಿಕ್ಕೀತು. ನೋಡಿದವರ ಪ್ರತಿ ಒಂದೇ ಒಂದು. ಅದು ಹೋದರೆ ಹೋಯಿತು.

ಆದುದರಿಂದ ಓದುಬರಹ ಬಲ್ಲವರಲ್ಲಿ ನನ್ನದೊಂದು ವಿಜ್ಞಾಪನೆ. ಮನೆ ಸುಣ್ಣ ಬಳಿಸುವಾಗ ಟ್ರಂಕಿನ ತಳದಲ್ಲಿ ಹಳೆಯ ಹಾಡಿನ ಪುಸ್ತಕ ಸಿಕ್ಕರೆ ರದ್ದಿಗೆ ಹಾಕಬೇಡಿ. ತಟ್ಟೆ ಬಿರುಕು ಬಿಟ್ಟಿದ್ದರೂ ಅದರ ನಡುವಿನ ಚೀಟಿಯನ್ನು ನಕಲು ಮಾಡಿಕೊಳ್ಳಿ. ಮನೆಯ ಹಿರಿಯರನ್ನು ಕೇಳಿ: ಯಾವ ಚಿತ್ರ, ಯಾವ ಊರು, ಡೇರೆಯೋ ಟಾಕೀಸೋ, ಯಾರ ಜೊತೆ ಹೋಗಿದ್ದಿರಿ, ಏನು ನೆನಪಿದೆ? ಅವರು ಹೇಳಿದ್ದನ್ನು ತಿದ್ದದೆ, ಅವರ ಮಾತಿನಲ್ಲಿಯೇ ಬರೆದುಕೊಂಡು, ಕೆಳಗೆ ದಿನಾಂಕ ಹಾಕಿ. ಇದಕ್ಕೆ ಪಾಂಡಿತ್ಯ ಬೇಕಾಗಿಲ್ಲ. ಒಂದು ನೋಟುಪುಸ್ತಕ ಬೇಕು, ಒಂದು ಸಂಜೆ ಬೇಕು, ಎದುರಿಗೆ ಕುಳಿತವರ ಮಾತನ್ನು ನಡುವೆ ಬಾಯಿ ಹಾಕದೆ ಕೇಳುವ ತಾಳ್ಮೆ ಬೇಕು.