ಮುಂಗಡ ಎಂಬ ಮಾತು ವರದಿಯಲ್ಲಿ ಎಲ್ಲಿ ಹೋಯಿತು?

(ದಾವಣಗೆರೆ–ಹರಿಹರದ ಹೊಸ ಸಮಾಜಕಾರ್ಯ ಪದವೀಧರರು ಹಾಗೂ ಕನ್ನಡ ಸಂಘಗಳ ಯುವಕ ಯುವತಿಯರ ಮುಂದೆ ಆಡಿದ ಮಾತುಗಳ ಬರಹರೂಪ)

ಇಲ್ಲಿ ಎರಡು ಬಗೆಯ ಜನ ಕೂತಿದ್ದೀರಿ. ಎಂ.ಎಸ್.ಡಬ್ಲ್ಯು. ಮುಗಿಸಿ ಕೆಲಸ ಹುಡುಕುತ್ತಿರುವವರು, ಇಲ್ಲವೇ ಈಗಷ್ಟೇ ಕೆಲಸಕ್ಕೆ ಸೇರಿದವರು ಒಂದು ಕಡೆ. ಕನ್ನಡದ ಬಾವುಟ ಹಿಡಿದು ಬೀದಿಗಿಳಿಯುವ ಹುಡುಗರು ಇನ್ನೊಂದು ಕಡೆ. ನೀವು ಒಬ್ಬರ ಕಡೆ ಒಬ್ಬರು ತಿರುಗಿ ಕೂತುಕೊಳ್ಳಬೇಕು ಎಂದು ಹೇಳಲಿಕ್ಕೇ ನಾನು ಬಂದದ್ದು. ಗತವೈಭವದ ಮಾತು ಇವತ್ತು ಬೇಡ, ಅದಕ್ಕೆ ನವೆಂಬರ್ ತಿಂಗಳಿದೆ.

ಒಂದು ಉದಾಹರಣೆ ಇಟ್ಟುಕೊಳ್ಳಿ. ಹೊಳೆಯ ದಂಡೆಯಲ್ಲಿ ಒಂದು ಇಟ್ಟಿಗೆ ಭಟ್ಟಿ. ಹತ್ತು ವರ್ಷದ ಹುಡುಗ ಶಾಲೆ ಬಿಟ್ಟಿದ್ದಾನೆ. ನೀವು ಕೆಲಸಕ್ಕೆ ಸೇರಿ ಹದಿನೈದು ದಿನವಾಗಿದೆ. ಕೈಯಲ್ಲಿ ಫಾರಂ ಹಿಡಿದು ಹೋಗುತ್ತೀರಿ. ತಾಯಿ ಮಣ್ಣು ಮೆತ್ತಿದ ಕೈ ಸೆರಗಿಗೆ ಒರೆಸಿಕೊಂಡು ಹೇಳುತ್ತಾಳೆ: "ಕಳಸ್ತೀನಪ್ಪಾ, ಯಾಕ್ ಕಳಸಲ್ಲ? ಮೊದ್ಲು ಮುಂಗಡ ತೀರ್ಬೇಕಲ್ಲಪ್ಪಾ!" ನೀವು ಕಚೇರಿಗೆ ಬಂದು ಬರೆಯಲು ಕೂರುತ್ತೀರಿ. ಫಾರಂ ಇಂಗ್ಲಿಷಿನಲ್ಲಿದೆ. ಬೆಂಗಳೂರಿನ ಮುಖ್ಯ ಕಚೇರಿಗೆ ಇಂಗ್ಲಿಷ್ ಬೇಕು, ದುಡ್ಡು ಕೊಡುವ ಕಂಪನಿಗೂ ಇಂಗ್ಲಿಷ್ ಬೇಕು. ಗೊತ್ತಿರುವ ಇಂಗ್ಲಿಷಿನಲ್ಲಿ ತಡಕಾಡಿದರೆ ಒಂದು ಸಾಲು ಕೈಗೆ ಸಿಗುತ್ತದೆ: "ಪೇರೆಂಟ್ಸ್ ಆರ್ ನಾಟ್ ಇಂಟರೆಸ್ಟೆಡ್ ಇನ್ ಎಜುಕೇಶನ್." ಮುಗಿಯಿತು!

ಆ ತಾಯಿ ಹೇಳಿದ್ದೇನು, ಕಾಗದಕ್ಕೆ ಇಳಿದಿದ್ದೇನು? 'ಮುಂಗಡ' ಅಂದರೆ ಬರೀ ಒಂದು ಪದವಲ್ಲ ಸ್ವಾಮಿ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಶುರುವಾಗುವುದೇ ಅಲ್ಲಿಂದ. ಮುಂಗಡ ಕೊಟ್ಟು, ಆ ಲೆಕ್ಕದಲ್ಲಿ ಬೇರೆ ಕಡೆ ದುಡಿಯಲು ಬಿಡದೆ, ಪುಡಿಗಾಸಿಗೆ ದುಡಿಸಿಕೊಂಡರೆ ಅದನ್ನು ಜೀತ ಎನ್ನುತ್ತದೆ ಕಾಯ್ದೆ. ಅಂಥ ಸಾಲ ತೀರಿಸಬೇಕಾಗಿಯೇ ಇಲ್ಲ ಎನ್ನುತ್ತದೆ. ಅದನ್ನು ನೋಡುವ ಹೊಣೆ ಜಿಲ್ಲಾಧಿಕಾರಿಯದು. ನಿಮ್ಮ ವರದಿಯಲ್ಲಿ 'ಮುಂಗಡ' ಎಂಬ ಮಾತು ಉಳಿದಿದ್ದರೆ ಯಾರಾದರೊಬ್ಬರು ಎದ್ದು, ಎಷ್ಟು ಮುಂಗಡ, ಯಾರು ಕೊಟ್ಟದ್ದು, ಕೂಲಿ ಎಷ್ಟು ಎಂದು ಕೇಳುತ್ತಿದ್ದರು. ಈಗ ಯಾರು ಕೇಳುತ್ತಾರೆ? ತಪ್ಪೆಲ್ಲ ತಾಯಿಯ ತಲೆಗೆ! ಮಗನನ್ನು ಓದಿಸಲು ಮನಸ್ಸಿಲ್ಲದವಳು ಎಂಬ ಷರಾ ಬಿತ್ತು, ಕಡತ ಕಪಾಟು ಸೇರಿತು.

ಕನ್ನಡ ಉಳಿಸಿ ಎಂದು ನಾವು ಅಂಗಡಿ ಬೋರ್ಡಿನ ಮುಂದೆ ಕೂಗುತ್ತೇವೆ, ಕೂಗಬೇಕಾದದ್ದೇ. ಆದರೆ ಕನ್ನಡ ನಿಜವಾಗಿ ಸಾಯುತ್ತಿರುವುದು ಇಂಥ ಫಾರಂಗಳ ಒಳಗೆ. ಬೋರ್ಡು ಎಲ್ಲರ ಕಣ್ಣಿಗೂ ಕಾಣುತ್ತದೆ. ಈ ಫಾರಂ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಾಗಂತ ಆ ಹುಡುಗನನ್ನೋ ಹುಡುಗಿಯನ್ನೋ ಬೈದು ಏನು ಪ್ರಯೋಜನ? ಅವರನ್ನು ಅಲ್ಲಿ ಒಬ್ಬಂಟಿಯಾಗಿ ಬಿಟ್ಟವರು ಯಾರು? ಎಂ.ಎಸ್.ಡಬ್ಲ್ಯು. ಓದುವಾಗ ವಾರಕ್ಕೆ ಎರಡು ದಿನ ಕ್ಷೇತ್ರಕಾರ್ಯ ಇರುತ್ತದೆ. ಹೋಗಿ ಬಂದದ್ದನ್ನು ಬರೆಯಬೇಕು, ಬರೆದದ್ದನ್ನು ಮೇಷ್ಟರು ಕೂತು ನೋಡುತ್ತಾರೆ, ಇಲ್ಲಿ ಹೀಗೆ ಯಾಕೆ ಕೇಳಿದೆ, ಅಲ್ಲಿ ಯಾಕೆ ಸುಮ್ಮನಾದೆ ಎಂದು ವಿಚಾರಿಸುತ್ತಾರೆ. ತೋಳಹುಣಸೆಯ ಶಿವಗಂಗೋತ್ರಿ ಒಂದು ಕಾಲಕ್ಕೆ ಕುವೆಂಪು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿತ್ತು, 2009ರಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯವೇ ಆಯಿತು. ಊರ ಮಗ್ಗುಲಲ್ಲೇ ಈ ಓದು ಸಿಗುವಂತಾಯಿತು, ಸಂತೋಷ. ಆದರೆ ಪದವಿಯ ಕಾಗದ ಕೈಗೆ ಬಂದ ದಿನವೇ ಆ ಆಸರೆ ತಪ್ಪಿಹೋಗುತ್ತದೆ. ಓದುವಾಗ ಸುಳ್ಳು ಸುಳ್ಳೇ ಜವಾಬ್ದಾರಿ, ಪಕ್ಕದಲ್ಲಿ ಮೇಷ್ಟರು. ಕೆಲಸಕ್ಕೆ ಸೇರಿದ ಮೇಲೆ ನಿಜವಾದ ಜವಾಬ್ದಾರಿ, ಪಕ್ಕದಲ್ಲಿ ಯಾರೂ ಇಲ್ಲ!

ಜವಾಬ್ದಾರಿ ಎಷ್ಟು ದೊಡ್ಡದು ಗೊತ್ತೆ? 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಆಸರೆಯಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕರೆತರಬೇಕು. ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು. ಆ ಮಗು ಅಮ್ಮನ ಮಗ್ಗುಲಲ್ಲಿ ಮಲಗುತ್ತದೋ, ಬಾಲಮಂದಿರದಲ್ಲಿ ಮಲಗುತ್ತದೋ ಎಂಬುದು ಇಪ್ಪತ್ಮೂರು ವರ್ಷದ ಒಬ್ಬ ಹೊಸ ಪದವೀಧರೆ ಬರೆದ ನಾಲ್ಕು ಪುಟದ ಮೇಲೆ ನಿಲ್ಲಬಹುದು. ಅವಳಿಗೆ ಸಂಬಳ ಅಲ್ಲ, 'ಗೌರವಧನ'. ಅದೂ ಹೊರಗುತ್ತಿಗೆ. ಅದೂ ಎರಡು ತಿಂಗಳು ತಡ.

ಈ ಗೌರವಧನ ಎಂಬ ಪದವನ್ನು ಕಂಡುಹಿಡಿದ ಪುಣ್ಯಾತ್ಮರಿಗೆ ನಮಸ್ಕಾರ. ಗೌರವವೂ ಇಲ್ಲ, ಧನವೂ ಇಲ್ಲ. ನಾನು ಮೊದಲು ಸೇರಿದ ಸಂಸ್ಥೆಯ ಹೆಸರು ಬೇಡ, ಅಲ್ಲಿ ಸಂಬಳ ಕೇಳಿದಾಗೆಲ್ಲ ಒಂದೇ ಉತ್ತರ: "ಸಮಾಜಸೇವೆ ಅಲ್ವೇನಪ್ಪಾ?" ಬಸವಣ್ಣನ ನಾಡಿನಲ್ಲಿ ಹುಟ್ಟಿ ಈ ಮಾತು ಆಡುವವರಿಗೆ ಏನು ಹೇಳೋಣ! ದಾಸೋಹ ನಡೆಯುವುದು ಕಾಯಕದಿಂದ ಬಂದದ್ದರಲ್ಲಿ. ಕಾಯಕದವನ ಹೊಟ್ಟೆಗೇ ಕಲ್ಲು ಹಾಕಿ ದಾಸೋಹ ಮಾಡಿಸಿದವರನ್ನು ಶರಣರು ಒಪ್ಪುತ್ತಿದ್ದರೆ? ಧಾರವಾಡದಲ್ಲಿ, ಬೆಂಗಳೂರಿನಲ್ಲಿ ಪಾಠ ಮಾಡಿದ ಕೂಡ್ಲಿಗಿ ಸೀಮೆಯ ಪ್ರೊ. ಎಚ್.ಎಂ. ಮರುಳಸಿದ್ಧಯ್ಯನವರು ಈ ವಿದ್ಯೆಯನ್ನು ಕನ್ನಡದಲ್ಲಿ ಬರೆದರು, 'ಸಮಾಜಕಾರ್ಯ' ಎಂದು ಕರೆದು ಬರೆದರು. ಸೇವೆ ಬೇರೆ, ಕಾರ್ಯ ಬೇರೆ. ಕಾರ್ಯಕ್ಕೆ ತರಬೇತಿ ಬೇಕು, ಹೊಣೆ ಇದೆ, ಕೂಲಿಯೂ ಇದೆ. ಕೆಲಸಕ್ಕೆ ಸೇರುವ ದಿನ ನೇಮಕಾತಿ ಪತ್ರ ಕೇಳಿ ತೆಗೆದುಕೊಳ್ಳಿ. ಪಿ.ಎಫ್. ಇದೆಯೋ, ಓಡಾಟದ ಖರ್ಚು ಯಾರದು, ಎಲ್ಲವನ್ನೂ ಬರಹದಲ್ಲಿ ಕೇಳಿ. ಹತ್ತು ಜನ ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಕಡೆ ಲೈಂಗಿಕ ಕಿರುಕುಳದ ದೂರು ಕೇಳಲು ಆಂತರಿಕ ಸಮಿತಿ ಇರಲೇಬೇಕು, 2013ರ ಕಾಯ್ದೆ. ಬೇರೆಯವರ ಹಕ್ಕಿಗೆ ಓಡಾಡುವ ಹೆಣ್ಣುಮಕ್ಕಳೇ ಇದನ್ನು ಕೇಳಲು ಹಿಂಜರಿಯುತ್ತಾರೆ, ನೋಡಿದ್ದೇನೆ.

ಹಿಂದೆ ಹೀಗಿರಲಿಲ್ಲವೇ ಎಂದರೆ, ದಾರಿ ಬೇರೆ ಇತ್ತು. ಇದು ಗಿರಣಿಗಳ ಊರು. ದಾವಣಗೆರೆಯಲ್ಲಿ ಹತ್ತಿ ಗಿರಣಿಗಳು, ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್, ಹೊಳೆಯಾಚೆ ಕುಮಾರಪಟ್ಟಣದಲ್ಲಿ ಪಾಲಿಫೈಬರ್ಸ್. 500 ಕೆಲಸಗಾರರಿದ್ದರೆ ಕಲ್ಯಾಣಾಧಿಕಾರಿ ಇರಬೇಕು ಎಂದು 1948ರ ಕಾರ್ಖಾನೆ ಕಾಯ್ದೆ ಹೇಳಿತ್ತು. ಸಮಾಜಕಾರ್ಯ ಓದಿದವನಿಗೆ ಅದೊಂದು ಗಟ್ಟಿ ಕೆಲಸ. ಗಿರಣಿಗಳು ಒಂದೊಂದೇ ಬಾಗಿಲು ಹಾಕಿದವು, ಕಿರ್ಲೋಸ್ಕರ್ ಭೋಂಗಾ ನಿಂತಿತು. ಆ ದಾರಿ ಕಿರಿದಾಗುತ್ತ ಬಂತು. ಈಗ ಹೊಸಬರು ಹೋಗುವುದು ಸಣ್ಣ ಸಣ್ಣ ಸಂಸ್ಥೆಗಳಿಗೆ, 1098 ಸಹಾಯವಾಣಿಗೆ, ಸಖಿ ಕೇಂದ್ರಕ್ಕೆ, ಆಸ್ಪತ್ರೆಯ ಆಪ್ತಸಮಾಲೋಚನೆಗೆ, ಕಂಪನಿಗಳ ಸಿ.ಎಸ್.ಆರ್. ಯೋಜನೆಗಳಿಗೆ. ದೊಡ್ಡ ಕಂಪನಿಗಳು ಲಾಭದ ಶೇಕಡಾ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂಬ ನಿಯಮ 2014ರ ಏಪ್ರಿಲ್‌ನಿಂದ ಇದೆ. ದುಡ್ಡು ಬರುತ್ತದೆ, ಜೊತೆಗೆ ಇಂಗ್ಲಿಷ್ ಫಾರಂ ಬರುತ್ತದೆ. ಜಗಳೂರಿನ ರೈತನ ಕಷ್ಟವನ್ನು ಅವನೇ ಓದಲಾಗದ ಭಾಷೆಯಲ್ಲಿ ತುಂಬಿಸಿ ಕಳಿಸಬೇಕು!

ಸರ್ಕಾರ ಏನೂ ಮಾಡಿಲ್ಲ ಎನ್ನಲಾರೆ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಯುವನಿಧಿ ಶುರುವಾಯಿತು: ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ. ಬಂದವರು ತೆಗೆದುಕೊಳ್ಳಿ, ಅದರಲ್ಲಿ ನಾಚಿಕೆ ಇಲ್ಲ. ಆದರೆ ಅದು ಕೆಲಸ ಇಲ್ಲದವರ ದುಡ್ಡು. ಕೆಲಸಕ್ಕೆ ಸೇರಿದ ಮೊದಲ ವರ್ಷದಲ್ಲಿ ಕೈಹಿಡಿಯುವ ಯೋಜನೆ ನನ್ನ ಕಣ್ಣಿಗೆ ಬಿದ್ದಿಲ್ಲ. ಬಿಟ್ಟು ಹೋಗುವವರೂ ಆ ಮೊದಲ ವರ್ಷದಲ್ಲೇ ಹೋಗುತ್ತಾರೆ. ಬೆಂಗಳೂರಿನ ಗಾರ್ಮೆಂಟ್ಸಿನ ಎಚ್.ಆರ್. ವಿಭಾಗಕ್ಕೆ, ಇಲ್ಲವೇ ಸಾಲ ವಸೂಲಿ ಕಂಪನಿಗೆ. ಭಟ್ಟಿಯ ತಾಯಿಯ ಮಾತು ಅರ್ಥವಾಗುತ್ತಿದ್ದ ಒಂದು ಕಿವಿ ಊರಿನಿಂದ ಹೋಯಿತು ಎಂದು ಲೆಕ್ಕ.

ಈಗ ಮಾಡುವುದೇನು? ಸಂಘದ ಹುಡುಗರೇ, ಇದು ನಿಮಗೆ. ಈ ಎರಡೂ ಊರುಗಳಲ್ಲಿ ನಿವೃತ್ತ ಕಲ್ಯಾಣಾಧಿಕಾರಿಗಳು, ಕಾರ್ಮಿಕ ಮುಖಂಡರು, ಹಳೆಯ ಪ್ರೊಬೇಷನ್ ಅಧಿಕಾರಿಗಳು, ಅಂಗನವಾಡಿ ಮೇಲ್ವಿಚಾರಕಿಯರು ಇದ್ದಾರೆ. ಯಾವ ಕಚೇರಿಯಲ್ಲಿ ಯಾರನ್ನು ಕಾಣಬೇಕು, ಯಾವ ಮನೆಯಲ್ಲಿ ಹೇಗೆ ಮಾತು ತೆಗೆಯಬೇಕು ಎಂಬುದು ಅವರ ಬೆರಳ ತುದಿಯಲ್ಲಿದೆ. ರಾಜ್ಯೋತ್ಸವಕ್ಕೆ ಕರೆದು ಶಾಲು ಹೊದಿಸಿ ಕಳಿಸುತ್ತೀರಿ. ಶಾಲು ಸಾಕು! ಒಬ್ಬೊಬ್ಬ ಹಿರಿಯರಿಗೆ ಇಬ್ಬರು ಹೊಸಬರನ್ನು ಜೋಡಿಸಿ. ವಾರಕ್ಕೆ ಒಂದು ಗಂಟೆ, ಕನ್ನಡದಲ್ಲಿ. ದಾವಣಗೆರೆಗೂ ಹರಿಹರಕ್ಕೂ 14 ಕಿಲೋಮೀಟರು, ಬಸ್ಸಿಗೇನು ಬರವೇ?

ಎರಡನೆಯದು ವರದಿ. ಇಂಗ್ಲಿಷ್ ಕಲಿಯಬೇಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನಿಮ್ಮ ಅನ್ನಕ್ಕೆ ಕಲ್ಲು ಹಾಕಿದ ಹಾಗೆ. ಹರಿಹರೇಶ್ವರನನ್ನು ನೋಡಿದ್ದೀರಲ್ಲ, ಒಂದೇ ಮೂರ್ತಿ, ಅರ್ಧ ಹರಿ, ಅರ್ಧ ಹರ. ಪುಟವನ್ನು ಹಾಗೆ ಸೀಳಿ. ಎಡಕ್ಕೆ ಆ ಮನುಷ್ಯ ಆಡಿದ ಮಾತು, ಆಡಿದ ಹಾಗೆಯೇ ಕನ್ನಡದಲ್ಲಿ. ಬಲಕ್ಕೆ ಬೇಕಿದ್ದರೆ ಇಂಗ್ಲಿಷ್ ಸಾರಾಂಶ. ಸರ್ಕಾರಿ ಕಚೇರಿಗೆ ಹೋಗುವುದಾದರೆ ಬಲಗಡೆಯೂ ಬೇಡ, 1963ರಿಂದ ರಾಜಭಾಷಾ ಕಾಯ್ದೆ ಇದೆ. ಫಾರಂ ಕನ್ನಡದಲ್ಲಿ ಇಲ್ಲದಿದ್ದರೆ ಆಗ ಸಂಘದವರು ಎದ್ದು ಬನ್ನಿ, ಜಿಲ್ಲಾಧಿಕಾರಿ ಕಚೇರಿಯಲ್ಲಿ ಮನವಿ ಕೊಡಿ, ಬಿಡಬೇಡಿ.

ಒಂದು ಎಚ್ಚರಿಕೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಆಜಾದ್ ನಗರದ ತಾಯಿ ಉರ್ದುವಿನಲ್ಲಿ ಅತ್ತರೆ, ತಾಂಡಾದ ಅಜ್ಜಿ ಲಂಬಾಣಿಯಲ್ಲಿ ಹೇಳಿಕೊಂಡರೆ, "ಕನ್ನಡದಲ್ಲಿ ಹೇಳಮ್ಮಾ" ಎಂದು ಗದರಬೇಡಿ. ಇಂಗ್ಲಿಷ್ ಫಾರಂ ನಮಗೆ ಮಾಡಿದ್ದನ್ನು ನಾವು ಅವರಿಗೆ ಮಾಡಬಾರದು. ಕೇಳಿ, ತಿಳಿದವರಿಂದ ತಿಳಿದುಕೊಂಡು ಬರೆಯಿರಿ.

ಇನ್ನು ಹೊಸಬರಿಗೆ. ಈ ಕೆಲಸದಲ್ಲಿ ರಾತ್ರಿ ನಿದ್ದೆ ಬಾರದ ದಿನಗಳಿವೆ. ನೀವು ನಿನ್ನೆ ಮಾತಾಡಿಸಿದ ಹೆಂಗಸು ಇವತ್ತು ಚಿಗಟೇರಿ ಆಸ್ಪತ್ರೆಯಲ್ಲಿ ಸುಟ್ಟ ಮೈಯಲ್ಲಿ ಮಲಗಿರಬಹುದು. ಮನೆಗೆ ಬಂದು ಅಮ್ಮನಿಗೆ ಹೇಳುವಂತಿಲ್ಲ, ಗುಟ್ಟು ಕಾಯಬೇಕು. ನುಂಗಿಕೊಂಡು ಕೂರಬೇಡಿ. ನಿಮ್ಮ ಹಿರಿಯರಿಗೆ ಹೇಳಿ. ಅಪರಾತ್ರಿಯಾದರೆ 14416ಕ್ಕೆ ಫೋನ್ ಮಾಡಿ, 2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡಬಹುದು. ಜನರಿಗೆ ಹಂಚುವ ಕರಪತ್ರದಲ್ಲಿ ಆ ನಂಬರ್ ಅಚ್ಚು ಹಾಕಿಸುತ್ತೀರಿ, ನಿಮ್ಮ ಫೋನಿನಲ್ಲೂ ಇರಲಿ.

ಮಾತು ಸಾಕು. ಬಾಗಿಲ ಬಳಿ ಎರಡು ನೋಟ್‌ಬುಕ್ ಇಟ್ಟಿದ್ದೇವೆ, ಒಂದರಲ್ಲಿ ಹೊಸಬರು ಹೆಸರು ಬರೆಯಿರಿ, ಇನ್ನೊಂದರಲ್ಲಿ ನಿಮಗೆ ಗೊತ್ತಿರುವ ಹಿರಿಯರ ಹೆಸರು. ಮೊದಲ ಸಲ ಕೂಡುವಾಗ ನೀವು ಬರೆದ ಒಂದು ವರದಿಯನ್ನು ತನ್ನಿ, ಎಷ್ಟೇ ಕೆಟ್ಟದಾಗಿರಲಿ. ಮಗುವಿನ ಹೆಸರು, ಊರು, ಶಾಲೆ ಎಲ್ಲವನ್ನೂ ಅಳಿಸಿ ತನ್ನಿ, ಅದನ್ನು ಹೊರಗೆ ಹೇಳುವುದು ಅಪರಾಧ. ಆಮೇಲೆ ಕೂತು, ಆ ತಾಯಿ ನಿಜವಾಗಿ ಏನಂದಳು ಎಂದು ನೆನಪು ಮಾಡಿಕೊಂಡು ಮತ್ತೊಮ್ಮೆ ಬರೆಯೋಣ.