ಕರಿಮಣಿಯ ಗಾಜು

(ಕೂಟದ ಯುಗಾದಿ ಸಮಾರಂಭದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಗಾಜಿನ ಮಣಿಗಳ ಬಗ್ಗೆ ಮಾತನಾಡಬೇಕೆಂದು ಕಾರ್ಯದರ್ಶಿಗಳು ಕೇಳಿದಾಗ ನನಗೆ ಸಂಕೋಚವೇ ಆಯಿತು. ವೃತ್ತಿಯಿಂದ ನಾನು ಲೆಕ್ಕಪತ್ರ ನೋಡುವವಳು. ಮಣಿ ಮಾಡುವುದು ಶನಿವಾರಗಳಂದು, ಮನೆಯ ಗ್ಯಾರೇಜಿನಲ್ಲಿ. ಆದರೆ ಇಲ್ಲಿ ಕುಳಿತಿರುವ ಅನೇಕ ಸೋದರಿಯರ ಕೊರಳಲ್ಲಿ ಕರಿಮಣಿಯಿದೆ. ಅದು ಗಾಜೆಂಬುದನ್ನು ನಾವು ಮರೆತಂತಿದೆ.

ಗಾಜಿನ ಮಣಿಗಳಲ್ಲಿ ಎರಡು ಮುಖ್ಯ ಕುಲಗಳು. ಕರಗಿದ ಗಾಜನ್ನು ಟೊಳ್ಳು ಕೊಳವೆಯಾಗಿ ಎಳೆದು ತುಂಡರಿಸಿದರೆ ಎಳೆದ ಮಣಿ. 1945ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದ, ಪುದುಚೇರಿಯ ಬಳಿಯ ಅರಿಕಮೇಡು ಇಂಥ ಮಣಿಗಳ ಪ್ರಾಚೀನ ಕೇಂದ್ರ. ತಿರುಪತಿಯ ಸಮೀಪದ ಪಾಪನಾಯುಡುಪೇಟೆಯಲ್ಲಿ ಮಣಿ ಎಳೆಯುವ ವಿದ್ಯೆ 20ನೆಯ ಶತಮಾನದಲ್ಲಿಯೂ ಜೀವಂತವಾಗಿತ್ತು. ನಾನು ಮಾಡುವುದು ಎರಡನೆಯ ಕುಲದ್ದು, ಸುತ್ತಿದ ಮಣಿ. ಭೂತಗನ್ನಡಿ ಹಿಡಿದು ನೋಡಿ: ಒಳಗಿನ ಗುಳ್ಳೆಗಳು ರಂಧ್ರದ ಉದ್ದಕ್ಕೆ ಚಾಚಿದ್ದರೆ ಎಳೆದದ್ದು, ರಂಧ್ರವನ್ನು ಬಳಸಿದ್ದರೆ ಸುತ್ತಿದ್ದು.

ಜೇಡಿಯ ಲೇಪವಿರುವ ತೆಳ್ಳನೆಯ ಉಕ್ಕಿನ ಕಡ್ಡಿ ಎಡಗೈಯಲ್ಲಿ. ಗಾಜಿನ ಸರಳು ಬಲಗೈಯಲ್ಲಿ. ಪ್ರೊಪೇನ್ ಮತ್ತು ಆಮ್ಲಜನಕದ ಜ್ವಾಲೆಯಲ್ಲಿ ಸರಳಿನ ತುದಿ ಜೇನಿನಂತೆ ಇಳಿಯತೊಡಗಿದಾಗ ಕಡ್ಡಿಗೆ ಸುತ್ತಬೇಕು. ತಿರುಗಿಸುವುದನ್ನು ಒಂದು ಕ್ಷಣ ನಿಲ್ಲಿಸಿದರೂ ಮಣಿ ಒಂದು ಕಡೆಗೆ ಜೋಲುತ್ತದೆ. ಲೇಪವಿಲ್ಲದಿದ್ದರೆ ಮಣಿ ಕಡ್ಡಿಯನ್ನು ಬಿಡುವುದೇ ಇಲ್ಲ. (ಗಂಟೆಗೆ ಐದಾರು ಮಣಿ ಮಾಡುವವಳ ಬಳಿ ಚೌಕಾಶಿ ಮಾಡುವ ಗೆಳತಿಯರು ಇದನ್ನು ದಯವಿಟ್ಟು ಗಮನಿಸಬೇಕು!)

ನಿಜವಾದ ಪರೀಕ್ಷೆ ಅನಂತರದ್ದು. ಮಣಿಯ ಹೊರಮೈ ಮೊದಲು ತಣಿದು ಗಟ್ಟಿಯಾಗುತ್ತದೆ. ಒಳಗಿನ ಗಾಜು ಆಮೇಲೆ ಕುಗ್ಗುತ್ತದೆ. ಆ ಸೆಳೆತ ಒಳಗೇ ಉಳಿಯುತ್ತದೆ. ಆದ್ದರಿಂದ ನಾನು ಬಳಸುವ ಮೆದು ಗಾಜಿನ ಮಣಿಗಳನ್ನು ವಿದ್ಯುತ್ ಕುಲುಮೆಯಲ್ಲಿ ಸುಮಾರು 510 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿರಿಸಿ, ಗಂಟೆಗಟ್ಟಲೆ ನಿಧಾನವಾಗಿ ಆರಿಸಬೇಕು.

ನನ್ನ ಅಕ್ಕನ ಮಗಳು ತನ್ನ ಮದುವೆಗೆ "ಚಿಕ್ಕಮ್ಮ, ಕರಿಮಣಿ ನೀವೇ ಮಾಡಿಕೊಡಿ" ಎಂದು ಕೇಳಿದ್ದಳು. ಮಾಡಿದೆ. ಕೊನೆಯ ಎರಡು ಮಣಿಗಳನ್ನು ಮಾತ್ರ, ವಿಮಾನಕ್ಕೆ ಹೊತ್ತಾಯಿತೆಂದು, ಕುಲುಮೆಗೆ ಇಡದೆ ಕಂಬಳಿಯಲ್ಲಿ ಆರಿಸಿ ಪೋಣಿಸಿಬಿಟ್ಟೆ. ವರಪೂಜೆಯ ಸಂಜೆ, ಅಕ್ಕ ಸರವನ್ನು ತಟ್ಟೆಯಲ್ಲಿಡುವಾಗ ಒಂದು ಮಣಿ ಎರಡು ಹೋಳಾಯಿತು. ಹಿರಿಯರು ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ. ಆ ಮೌನವನ್ನು ನಿಮಗೆ ವಿವರಿಸಬೇಕಾಗಿಲ್ಲ. ಹುಡುಗಿಯ ಮುಖ ಬಾಡಿತು. ಅಲ್ಲಿಯೇ ನಿಂತು, ಇದು ಅಪಶಕುನವಲ್ಲ, ನನ್ನ ಸೋಮಾರಿತನ ಎಂದು ಎಲ್ಲರೆದುರು ಒಪ್ಪಿಕೊಂಡೆ. ನನ್ನ ತಾಯಿ ತಮ್ಮ ಹಳೆಯ ಸರದಿಂದ ಎರಡು ಮಣಿ ಬಿಚ್ಚಿ ಕೊಟ್ಟರು. ರಾತ್ರಿ ಹನ್ನೊಂದಕ್ಕೆ ಹೊಸದಾಗಿ ಪೋಣಿಸಿದೆ.

ಆ ಒಡೆದ ಮಣಿ ಈ ಡಬ್ಬಿಯಲ್ಲಿದೆ. ಊಟಕ್ಕೆ ಏಳುವ ಮುನ್ನ ಅದರ ತೆಳುವಾದ ಅಂಚನ್ನು ದೀಪಕ್ಕೆ ಹಿಡಿದು ನೋಡಿ. ಅದು ಕಪ್ಪಲ್ಲ, ಗಾಢವಾದ ನೇರಳೆ.